ಕಲ್ಲಿನ ಮೇಲೆ ಕೂತ ತಮ್ಮ

ನಮ್ಮ ಮನೆತನಕ್ಕೆ ಜಂಬ ಸ್ವಲ್ಪ ಜಾಸ್ತಿಯೇ. ರಾಯಚೂರು ಕಡೆಯಿಂದ ಬಂದು ಬೆಂಗಳೂರಿನ ಮಹದೇವಪುರದ ಬಾಡಿಗೆ ರೂಮು ಸೇರಿದಾಗಲೂ ಅದನ್ನು ಬಿಟ್ಟು ಬರಲಿಲ್ಲ. ಅಪ್ಪ, ದೊಡ್ಡಪ್ಪ ಇಬ್ಬರೂ ಯುಗಾದಿಗೆ ತಾಕತ್ತು ತೋರಿಸಲು ಸಂಗ್ರಾಣಿ ಕಲ್ಲು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದವರು. ತಮ್ಮನೂ ಅದೇ ತಳಿ. ರಸೆಲ್ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ.

ಒಂದು ಬೆಳಿಗ್ಗೆ ಅವನು ಮೂಟೆ ಸಮೇತ ಕಣ್ಣು ಕತ್ತಲಿಟ್ಟು ಬಿದ್ದ. ಆಸ್ಪತ್ರೆಗೆ ಓಡಿದೆ.

"ನಿಮ್ಮ ಮನೇಲಿ ಯಾರಿಗಾದ್ರೂ ಹಾರ್ಟ್ ಕಾಯಿಲೆ ಇತ್ತಾ?" ಡಾಕ್ಟರಮ್ಮ ಕೇಳಿದರು.

"ನಮ್ಮನ್ಯಾಗ ಜಡ್ಡಾಗಿ ಯಾರೂ ಸತ್ತಿಲ್ರೀ ಮೇಡಂ," ಎಂದೆ, ಎದೆ ಸೆಟೆಸಿ.

ಮಂಚದ ಮೇಲಿಂದ ತಮ್ಮ ಮೆಲ್ಲಗೆ ಹೇಳಿದ, "ಯಕ್ಕಾ, ಅಪ್ಪ ಹೆಂಗ ಹೋದ ಅದನ್ನ ಹೇಳು."

ಅಪ್ಪ ಕೆ.ಆರ್. ಪುರದಲ್ಲಿ ಸಿಮೆಂಟ್ ಚೀಲ ಇಳಿಸಿ ನಿಂತಲ್ಲೇ ಕುಸಿದಿದ್ದ. ದೊಡ್ಡಪ್ಪ ಅದಕ್ಕೂ ಮೊದಲು, ಊರಲ್ಲಿ, ಹಾಗೆಯೇ. ನರಳದೆ ಹೋದ ಪುಣ್ಯವಂತರು ಎಂದುಕೊಂಡಿದ್ದೆವು. ಅದೂ ಕಾಯಿಲೆ ಎಂದು ಯಾರಿಗೆ ಗೊತ್ತಿತ್ತು?

ಎದೆಯ ಎಕೋ ಸ್ಕ್ಯಾನ್ ಮಾಡಿದರು. ಹೃದಯದ ಸ್ನಾಯು ದಪ್ಪವಾಗಿದೆ, ವಂಶದಲ್ಲೇ ಬಂದದ್ದು, ಬಡಿತ ತಪ್ಪಿ ಇದ್ದಕ್ಕಿದ್ದಂತೆ ಜೀವ ಹೋಗಬಹುದು ಎಂದರು. ಬಡಿತ ತಪ್ಪಿದರೆ ಒಳಗಿಂದಲೇ ಶಾಕ್ ಕೊಡುವ ಪುಟ್ಟ ಯಂತ್ರವನ್ನು ಎದೆಯಲ್ಲಿ ಕೂರಿಸಿದರು. ಭಾರ ಎತ್ತುವುದು ಬಂದ್. ತಮ್ಮ ಈಗ ಅದೇ ಮಾರುಕಟ್ಟೆಯಲ್ಲಿ ತಕ್ಕಡಿ ಹಿಡಿದು ಕೂರುತ್ತಾನೆ. ರಕ್ತಸಂಬಂಧಿಗಳೆಲ್ಲ ಪರೀಕ್ಷೆ ಮಾಡಿಸಬೇಕು ಎಂದೂ ಹೇಳಿದ್ದರು. ನಾನು ಹೆದರಿ ಇಂದು ನಾಳೆ ಎನ್ನುತ್ತಲೇ ಇದ್ದೆ.

ಈ ಯುಗಾದಿಗೆ ನಮ್ಮ ಓಣಿಯವರು ಕಲ್ಲು ತಂದಿಟ್ಟರು. ಅದೇ ಓಣಿಯಲ್ಲಿರುವ ದೊಡ್ಡಪ್ಪನ ಮಗ ಮೀಸೆ ತಿರುವುತ್ತ ಬಂದು ತಮ್ಮನನ್ನು ಕೆಣಕಿದ, "ಬಾರಲೇ, ಕೈಗೆ ಬಳಿ ತೊಟ್ಟಿಯೇನು?"

ತಮ್ಮನ ಸಿಟ್ಟು ನನಗೆ ಗೊತ್ತು, ಎತ್ತಿಯೇ ಬಿಡುತ್ತಾನೆ.

ತಮ್ಮ ನೆಟ್ಟಗೆ ಹೋಗಿ ಆ ಕಲ್ಲಿನ ಮೇಲೆ ಕೂತುಬಿಟ್ಟ! ಅಂಗಿ ಸರಿಸಿ ಎದೆಯ ಗಾಯದ ಗುರುತು ತೋರಿಸಿದ. "ನಮ್ಮಪ್ಪ, ನಿಮ್ಮಪ್ಪ ಇಬ್ಬರೂ ಇದ ಜಡ್ಡಿನಾಗ ಹೋದ್ರು. ಪರೀಕ್ಷಾ ಮಾಡಿಸ್ತೀನಿ ಅಂತ ಮಾತು ಕೊಡು. ಅಲ್ಲೀತನಕ ನಾ ಏಳಂಗಿಲ್ಲ."

ಜನ ನಕ್ಕರು. ಅವನು ಏಳಲಿಲ್ಲ. ಬಿಸಿಲು ನೆತ್ತಿಗೆ ಬಂದ ಮೇಲೆ ದೊಡ್ಡಪ್ಪನ ಮಗನೇ ಸೋತು ಮಾತು ಕೊಟ್ಟ. ಅಪ್ಪ ಕಲ್ಲು ಎಸೆದಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ಸೋಮವಾರ ಆಸ್ಪತ್ರೆಯ ಸರದಿಯಲ್ಲಿ ದೊಡ್ಡಪ್ಪನ ಮಗ ಮುಂದೆ, ನಾನು ಹಿಂದೆ. ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು.

"ಅಪ್ಪ, ದೊಡ್ಡಪ್ಪ ನಿಂತಲ್ಲೇ ಹೋದ್ರೀ ಮೇಡಂ," ಎಂದೆ. "ತಮ್ಮ ಉಳದಾನ್ರೀ. ಹೊರಗ ಕುಂತಾನ."