ಸಾಣೆಯ ಮಹಾರುದ್ರಪ್ಪ

ಬಸವಕಲ್ಯಾಣದ ಮಹಾರುದ್ರಪ್ಪನಿಗೆ ಉಂಗುರದ ಕಲ್ಲು ಕೊಡುವವರು ಮದುವೆಯ ತಾರೀಖನ್ನು ಒಂದು ವರ್ಷ ಮುಂದಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಆತ ಸಾಣೆ ಹಿಡಿದ ಕಲ್ಲಿನಲ್ಲಿ ಗಿರಾಕಿ ಮೀಸೆ ತಿದ್ದಿಕೊಳ್ಳುವಷ್ಟು ಹೊಳಪು ಬಂದಿದ್ದರೂ, ಅದನ್ನು ಹಿಡಿದು ಒಳಗೆ ಹೋಗಿ ಬಂದು, "ಇನ್ನಾ ಖರಖರಿ ಅದರಿ, ಮುಂದಿನ ವಾರ ಬರ್ರಿ" ಎನ್ನುತ್ತಾನೆ. ಹುಮನಾಬಾದಿನ ವರನೊಬ್ಬ ತನ್ನ ಮದುವೆಯ ಉಂಗುರವನ್ನು ಮಗನ ಜವಳದಲ್ಲಿ ತೊಟ್ಟ. ಒಳಗಿರುವುದು ಮಹಾರುದ್ರಪ್ಪನ ಹೆಂಡತಿ ಮಾಣಿಕಮ್ಮ. ಕಣ್ಣು ಹೋದ ಮೇಲೆ ಅವಳು ಪ್ರತಿ ಕಲ್ಲನ್ನೂ ಕೆನ್ನೆಗೆ ಸವರಿ ನುಣುಪು ನೋಡುತ್ತಾಳೆ. ಪಾಸಾದರೆ, "ಯಾವ ಬಣ್ಣದ್ದರಿ?" ಎಂದು ಕೇಳುತ್ತಾಳೆ. ಕಲ್ಲು ಕಪ್ಪಿರಲಿ, ನೀಲಿಯಿರಲಿ, ಆತನದು ಒಂದೇ ಉತ್ತರ: "ಹಸರು. ನಿನ್ನ ಮದಿವಿ ಸೀರಿದು." "ಈ ಊರಾಗ ಎಲ್ಲಾರಿಗೂ ಹಸರೇ ಬೇಕೇನ್ರಿ?" ಎಂದು ಅವಳು ನಗುತ್ತಾಳೆ. "ಏನ್ ಮಾಡಾದು, ಎಲ್ಲಾರೂ ಅದನ್ನೇ ಕೇಳಾಕತ್ತಾರ" ಎನ್ನುತ್ತ ಮಹಾರುದ್ರಪ್ಪ ಕೆಂಪು ಕಲ್ಲನ್ನು ಕಿಸೆಗೆ ಹಾಕಿಕೊಳ್ಳುತ್ತಾನೆ.