ಬಾಜೂ ಕೋಣೆಯ ಸಮುದ್ರ

ಮೊನ್ನೆ ಮೊಮ್ಮಗಳು ಮಾಲ್‌ನಿಂದ ಒಂದು ತಿಂಡಿಯ ಪೊಟ್ಟಣ ತಂದಳು. ಒಳಗೆ ಕಾರ್ಬನ್ ಪೇಪರಿನಂಥ ಹಾಳೆಗಳು. ಅದು ಸಮುದ್ರದ ಪಾಚಿ, ಹುರಿದದ್ದಂತೆ. ಬೆಲೆ ಕೇಳಿ ನನಗೆ ಉಸಿರು ಕಟ್ಟಿತು. ಚೌಕಾಸಿ ಮಾಡಲಿಲ್ಲವಾ ಎಂದರೆ ಹುಡುಗಿ ನಗುತ್ತಾಳೆ. ಆದರೆ ಪೊಟ್ಟಣ ಒಡೆದಾಗ ಬಂದ ವಾಸನೆ ಇದೆಯಲ್ಲ… ಉಪ್ಪು, ಹಸಿರು, ತುಸು ಕೊಳೆತದ್ದು. ಕುಂದಾಪುರದ ಕಡೆ ಹುಟ್ಟಿದ ನಾನು ಆ ವಾಸನೆಯನ್ನು ಸರಿಯಾಗಿ ಮೂಸಿದ್ದು ನಾಸಿಕದಲ್ಲಿ, ಸಮುದ್ರವೇ ಇಲ್ಲದ ಊರಿನಲ್ಲಿ, ಬಾಜೂ ಕೋಣೆಯವರ ಮನೆಯೊಳಗೆ.

ಅರವತ್ತರ ದಶಕದ ಕೊನೆಯ ಮಾತು. ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದ ನಾನು ಆಗ್ರಾ ರಸ್ತೆಯಲ್ಲಿ ಸ್ವಂತದ ಸಣ್ಣ ಶಾಕಾಹಾರಿ ಹೋಟೆಲ್ ಹಾಕಿದ್ದೆ. ಪಂಚವಟಿಯ ಹಳೆಯ ವಾಡೆಯೊಂದರಲ್ಲಿ ಬಾಡಿಗೆಗಿದ್ದೆ. ನಡುವೆ ಅಂಗಳ, ಸುತ್ತ ಕೋಣೆಗಳು. ಬಾಜೂ ಕೋಣೆಯವರು ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಗದಗಿನ ಕಡೆಯವರು, ಒಂಟಿ, ಮಾತು ಕಡಿಮೆ. ನೌಕರಿಯ ಸಂದರ್ಶನಕ್ಕೆ ಮುಂಬಯಿಗೆ ಹೋದಾಗ ಮೊದಲ ಸಲ ಸಮುದ್ರ ನೋಡಿದರಂತೆ. ಜನ ಅಲೆ ನೋಡುತ್ತಾರೆ. ಇವರು ನೀರಿಳಿದ ಕೆಸರಿನಲ್ಲಿ ಹುಲ್ಲು ನೋಡಿ ಬಂದರು.

"ಪಾಚಿ ಬ್ಯಾರೆ, ಹುಲ್ಲು ಬ್ಯಾರೆ ರೀ. ಹುಲ್ಲಿಗೆ ಬೇರ್ ಅದಾವ. ಸಮುದ್ರದ ತಳದಾಗ ಹೂ ಬಿಡತೈತಂತ. ಆ ಹೂ ಒಮ್ಮೆ ಕಣ್ಲೆ ನೋಡ್ಬೇಕು ನೋಡ್ರಿ."

"ನೋಡಿ ಎಂತ ಸಿಕ್ತದೆ ಸಾಯೇಬ್ರೆ?"

"ಹೂ ಸಿಗತೈತಲ್ರೀ."

ಇಂಥವರ ಜೊತೆ ವ್ಯಾಪಾರದ ಮಾತಾಡುವುದು ಕಷ್ಟ. ಆದರೂ ಕೋಣೆಯಲ್ಲೇ ತೊಟ್ಟಿಯಿಟ್ಟು ಆ ಹುಲ್ಲು ಬೆಳೆಸುತ್ತೇನೆ ಎಂದಾಗ ಕೈಲಾದಷ್ಟು ದಾರಿ ತೋರಿಸಿದೆ. ಚಾಂದವಡದಿಂದ ಈರುಳ್ಳಿ ಒಯ್ದ ಲಾರಿಗಳು ಮುಂಬಯಿಯಿಂದ ಮರಳುವಾಗ ನನ್ನ ಹೋಟೆಲಿನ ಮುಂದೆ ಚಹಾಕ್ಕೆ ನಿಲ್ಲುತ್ತಿದ್ದವು. ಡ್ರೈವರುಗಳಿಗೆ ಚಹಾದ ಜೊತೆ ಒಂದು ಪ್ಲೇಟ್ ಭಜಿ ಹೆಚ್ಚಿಗೆ ಕೊಟ್ಟು ಸಮುದ್ರದ ನೀರು, ಮರಳು, ಕಲ್ಲಿಗಂಟಿದ ಪಾಚಿ, ಬೇರುಸಹಿತ ಹುಲ್ಲು ತರಿಸಿದೆ. ಮೊದಲ ಸಲ ಎಣ್ಣೆ ಡಬ್ಬದಲ್ಲಿ ತಂದರು, ನೀರಿನ ಮೇಲೆ ಶೇಂಗಾ ಎಣ್ಣೆ ತೇಲಿತು. ಯಾರಿಗಾದರೂ ಬೇಕಾಗಬಹುದು, ಹೇಳಿಡುತ್ತೇನೆ: ಸಮುದ್ರದ ನೀರು ತರಲು ಉಪ್ಪಿನಕಾಯಿಯ ಪಿಂಗಾಣಿ ಭರಣಿಯೇ ಸೈ, ಆದರೆ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದಿರಬೇಕು.

ತೊಟ್ಟಿ ಅವರೇ ಮಾಡಿದ್ದು. ಕಬ್ಬಿಣ ಉಪ್ಪಿಗೆ ತುಕ್ಕು ಹಿಡಿಯುತ್ತದೆಂದು ಸಾಗುವಾನಿಯ ಚೌಕಟ್ಟು, ಅದಕ್ಕೆ ಗಾಜು, ಸಂದಿಗೆ ಡಾಂಬರು. ನೀರಿಗೆ ಗಾಳಿ ಬೇಕಲ್ಲ, ಲಾರಿಯ ಹಳೆಯ ಟ್ಯೂಬಿಗೆ ಸಣ್ಣ ನಳಿಕೆ ಕಟ್ಟಿದ್ದರು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಬರುವ ಮೊದಲು ಸೈಕಲ್ ಪಂಪಿನಿಂದ ಅದನ್ನು ಉಬ್ಬಿಸುತ್ತಿದ್ದರು, ಇಡೀ ವಾಡೆಗೆ ಅದೇ ಅಲಾರಾಂ. ಬೇಸಿಗೆಯಲ್ಲಿ ನೀರು ಇಳಿದಾಗ ನಾನು ಒಂದು ಹಿಡಿ ಕಲ್ಲುಪ್ಪು ತಂದೆ. "ಉಪ್ಪು ಎಲ್ಲೂ ಹೋಗಿಲ್ರಿ, ಬರೇ ನೀರು ಹಾರೇತಿ. ಸಿಹಿನೀರು ತರ್ರಿ" ಎಂದರು. ಸಾಂಬಾರಿಗೂ ಇದೇ ಸೂತ್ರ ಎಂದು ಆಮೇಲೆ ಹೊಳೆಯಿತು.

ಮೀನು ಒಂದೂ ಇಲ್ಲ. ಅದಕ್ಕೆ ಕಾರಣ ವಾಡೆಯ ಒಡತಿ ಆಜಿ. ಕೆಂಪು ನೂಲಿನ ಸೀರೆ, ಗುಡುಗಿನ ಗಂಟಲು. ತೊಟ್ಟಿ ಬಂದ ದಿನವೇ ಷರತ್ತು ಹಾಕಿದ್ದರು: "ಗಿಡ ಇಟ್ಟುಕೋ. ಒಂದೇ ಒಂದು ಜೀವ ಕಂಡರೆ ಪೆಟ್ಟಿಗೆ ಅಂಗಳಕ್ಕೆ, ನಿನ್ನ ಸಾಮಾನು ರಸ್ತೆಗೆ." ಅವರ ಮರಾಠಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ; ಮೂಲದಲ್ಲಿ ಖಾರ ಇನ್ನೂ ಜಾಸ್ತಿ.

ಪಾಚಿಗಳು ಬೇಗ ಹಿಡಿದವು, ಒಂದು ಲೆಟ್ಯೂಸಿನಂತೆ, ಒಂದು ಹಸಿರು ದ್ರಾಕ್ಷಿಯ ಗೊಂಚಲಿನಂತೆ. ಹುಲ್ಲು ಮಾತ್ರ ಮತ್ತೆ ಮತ್ತೆ ಕೊಳೆಯಿತು. ಕೊನೆಗೊಮ್ಮೆ ಬೇರು ಬಿಟ್ಟು, ಉಗುರಿನಷ್ಟಗಲದ ಎಲೆಗಳು ಮರಳಿನ ಮೇಲೆ ಸಾಲು ಹಿಡಿದವು. ಸಂಕ್ರಾಂತಿಯ ಹೊತ್ತಿಗೆ ಒಂದೆಲೆಯ ಬುಡದಲ್ಲಿ ಜೀರಿಗೆಯಷ್ಟು ಮೊಗ್ಗು! ಅವರು ನನ್ನ ಕೈ ಹಿಡಿದು ಎಳೆದೊಯ್ದು ತೋರಿಸಿದರು. ನಾನು ಮೊಗ್ಗಿನ ಜೊತೆ ಇನ್ನೊಂದನ್ನೂ ನೋಡಿದೆ. ಬೇರಿನ ಜೊತೆ ಯಾವಾಗಲೋ ಬಂದು, ಕಲ್ಲಿನಡಿ ಬೆಳೆದ ಒಂದು ಏಡಿ.

ಚಮಚ ಹಾಕಿದರೆ ಕಲ್ಲಿನಡಿ ನುಗ್ಗಿತು. ಕಲ್ಲೆತ್ತಿದರೆ ಬೇರು ಕೀಳುತ್ತದೆ, ಬೇರು ಕಿತ್ತರೆ ಮೊಗ್ಗು ಹೋಗುತ್ತದೆ. ಹೀಗೆ ನಾವು ಬಗ್ಗಿ ನೋಡುತ್ತಿರುವಾಗಲೇ ಆಜಿ ಎಳ್ಳುಂಡೆಯ ತಟ್ಟೆ ಹಿಡಿದು ಒಳಗೆ ಬಂದರು. ಸಂಕ್ರಾಂತಿಗೆ ಎಳ್ಳುಂಡೆ ಕೊಟ್ಟು ಸಿಹಿಯಾಗಿ ಮಾತಾಡಿ ಎನ್ನುವುದು ಅಲ್ಲಿನ ಪದ್ಧತಿ. ನಮ್ಮಿಬ್ಬರ ಕೈಗೂ ಉಂಡೆ ಹಾಕಿ ತೊಟ್ಟಿಯತ್ತ ಬಗ್ಗಿದರು.

"ಖೇಕಡಾ! ನನ್ನ ವಾಡೆಯಲ್ಲಿ ಏಡಿ!"

"ಆಜಿ, ಇವತ್ತು ಬಯ್ಯುವಂತಿಲ್ಲ. ಎಳ್ಳುಂಡೆ ಕೊಟ್ಟಿದ್ದೀರಿ" ಎಂದೆ.

"ವಾಪಸ್ ಕೊಡು. ಆಮೇಲೆ ಬಯ್ಯುತ್ತೇನೆ."

"ನುಂಗಿ ಆಯ್ತು."

ಬಾಜೂ ಕೋಣೆಯವರು ಗಾಜಿಗೆ ಬೆನ್ನು ಕೊಟ್ಟು, ಉಂಡೆ ಹಿಡಿದ ಕೈ ಹಾಗೇ ಮುಂದೆ ಮಾಡಿ ನಿಂತುಬಿಟ್ಟಿದ್ದರು. ಇನ್ನು ಬಿಡಬಾರದೆಂದು ನಾನು ಮುಂದುವರಿಸಿದೆ. "ನಿಮ್ಮ ತಕರಾರು ಮಾಂಸದ್ದಲ್ಲವಾ? ಇದು ಮಾಂಸ ತಿನ್ನುವ ಜಾತಿಯೇ ಅಲ್ಲ. ಸೊಪ್ಪು, ಹುಲ್ಲು, ಅಷ್ಟೇ. ನಿಮ್ಮ ಹಾಗೆ ಶುದ್ಧ ಶಾಕಾಹಾರಿ. ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ."

ಅಷ್ಟರಲ್ಲಿ ಏಡಿ ಹೊರಬಂದು, ಪಾಚಿಯ ಚೂರು ಹರಿದು, ಎರಡೂ ಕೈಯಿಂದ ಒಂದಾದ ಮೇಲೊಂದು ತುತ್ತು ಬಾಯಿಗಿಟ್ಟುಕೊಂಡಿತು. ಆಜಿ ಸೆರಗು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಏಕಾದಶಿಗೆ?"

"ಅವತ್ತೂ ಸೊಪ್ಪೇ."

"ಹಾಗಾದರೆ ಇರಲಿ. ಇದನ್ನು ಹೊರಗೆ ಹಾಕಿ ಸಾಯಿಸಿದರೆ ಪಾಪ ನನಗೆ. ಇದು ಇರುವ ತನಕ ಪೆಟ್ಟಿಗೆ ಇರುತ್ತದೆ. ಇದನ್ನು ತೆಗೆದಿರೋ, ಪೆಟ್ಟಿಗೆಯೂ ಹೋಯಿತು!"

ಅವರು ಹೋದ ಮೇಲೆ ನಾನು ಮೀಸೆ ತಿರುವಿಕೊಂಡೆ. ಬಾಜೂ ಕೋಣೆಯವರು ಮಾತ್ರ ಮತ್ತೆ ಮೊಗ್ಗಿನತ್ತ ಬಗ್ಗಿದರು.

"ಹುಲ್ಲು ತಿಂತೈತಿ ಅಂತ ಯಾಕ ಹೇಳಿದ್ರಿ?"

"ಮತ್ತೆ ಎಂತ ಹೇಳುವುದು ಮಾರಾಯ್ರೆ? ಅದು ತಿನ್ನುವುದು ಸುಳ್ಳಾ?"

"ಖರೇನ ಐತಲ್ರೀ… ಅದಕ್ಕ ಕೇಳಿದೆ."

ಆಮೇಲಿನ ದಿನಗಳಲ್ಲಿ ಹೋಟೆಲಿನಿಂದ ಮೆಂತ್ಯ, ಕೊತ್ತಂಬರಿ ಒಯ್ದು ತೊಟ್ಟಿಗೆ ಹಾಕಿದೆ, ಹುಲ್ಲಿನ ಗೊಡವೆ ಬಿಡಲಿ ಎಂದು. ಏಡಿ ಕೊತ್ತಂಬರಿಯನ್ನು ಪಕ್ಕಕ್ಕೆ ದೂಡಿ ದ್ರಾಕ್ಷಿ ಪಾಚಿ ಮುಗಿಸಿತು, ಲೆಟ್ಯೂಸ್ ಮುಗಿಸಿತು. ಆಜಿ ದಿನಾ ಬಂದು "ಊಟ ಆಯ್ತಾ ರಾಜಾ?" ಎಂದು ವಿಚಾರಿಸುತ್ತಿದ್ದರು. ಒಂದು ಬೆಳಿಗ್ಗೆ ಪಂಪಿನ ಸದ್ದು ಕೇಳಲಿಲ್ಲ. ಹೋಗಿ ನೋಡಿದರೆ ಮರಳಿನ ಮೇಲೆ ಕೂಳೆ ಮಾತ್ರ. ಮೊಗ್ಗಿದ್ದ ಜಾಗದಲ್ಲಿ ಏಡಿ ಕಾಲು ಚಾಚಿ ಕೂತಿತ್ತು.

ಅವರು ಸ್ಟೂಲಿನ ಮೇಲೆ ಕೂತಿದ್ದವರು ನನ್ನನ್ನು ನೋಡಿ ನಕ್ಕರು. "ವಕೀಲ್ರ, ಖಟ್ಲೆ ಗೆದ್ರಿ. ಹೊಲಾ ಮಾತ್ರ ದನಾ ಮೇದು ಹೋತು." ನಾನೂ ನಕ್ಕೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನಗುತ್ತಿದ್ದವನು ನಾನೊಬ್ಬನೇ…

ಆದರೂ ಎದ್ದು ಟ್ಯೂಬಿಗೆ ಗಾಳಿ ಹೊಡೆದರು. ಏಡಿಗೂ ಉಸಿರು ಬೇಕಲ್ಲ ಎಂದರು. ಮಳೆಗಾಲ ಕಳೆದು ಔರಂಗಾಬಾದಿನ ಒಂದು ಕಂಪನಿಯಲ್ಲಿ ನೌಕರಿ ಸಿಕ್ಕು ಹೊರಟಾಗ, ತೊಟ್ಟಿಯನ್ನೂ ಏಡಿಯನ್ನೂ ಆಜಿಗೆ ಒಪ್ಪಿಸಿ, ಪಂಪು ಹೊಡೆಯುವುದನ್ನು ಅವರಿಗೆ ಕಲಿಸಿ ಹೋದರು.

ಬಹಳ ವರ್ಷಗಳ ಮೇಲೆ ನಾನೂ ಅಲ್ಲಿ ಎರಡನೇ ಹೋಟೆಲ್ ಹಾಕಿದೆ. ಆ ಊರಿಗೀಗ ಸಂಭಾಜಿನಗರವೆಂದು ಹೆಸರು. ಕನ್ನಡದವರು ಯಾರು ಊಟಕ್ಕೆ ಬಂದರೂ ಬಾಜೂ ಕೋಣೆಯವರ ಬಗ್ಗೆ ವಿಚಾರಿಸಿದೆ. ಒಬ್ಬರು, ಅವರು ಹೋಗಿಬಿಟ್ಟರಲ್ಲ ಎಂದರು. ಎಲ್ಲಿಗೆ ಎಂದು ಕೇಳಿದ ಮೇಲೆ ಅರ್ಥವಾಯಿತು…

ನಾಸಿಕದ ಆ ವಾಡೆಯೂ ಇಲ್ಲ, ಆಜಿಯೂ ಇಲ್ಲ. ಮನೆಯಲ್ಲಿ ಸಮುದ್ರ ಇಡುವ ಆಸೆ ಯಾರಿಗಾದರೂ ಇದ್ದರೆ ನನ್ನನ್ನು ಕೇಳಿ. ಮರ, ಡಾಂಬರು, ನೀರು, ಎಲ್ಲ ಹೇಳಿಕೊಡುತ್ತೇನೆ. ಆ ಹೂ ಹೇಗಿರುತ್ತದೆಂದು ಮಾತ್ರ ಕೇಳಬೇಡಿ. ಅದನ್ನು ನೋಡಿ ಹೇಳಬೇಕಾಗಿದ್ದವರು ಬೇರೆ.