ನನ್ನ ಮನೆಗೆ ನಾನೇ ಕಳ್ಳ

“ಬೀಗದಿಂದ ಕೈ ತೆಗಿಲಾ.” ಬೆಚ್ಚಿ ತಿರುಗಿದರೆ, ಎದುರುಮನೆ ಜಗಲಿಯಿಂದ ಅಜ್ಜಿಯೊಬ್ಬರು ದೊಣ್ಣೆ ಹಿಡಿದು ಇಳಿದು ಬರುತ್ತಿದ್ದರು.

ತೊಂಬತ್ತರ ದಶಕದ ಮಾತು. ಬಾಡಿಗೆ ಮನೆ ಪಾಂಡವಪುರದಲ್ಲಿ, ಕೆಲಸ ಮೈಸೂರಿನಲ್ಲಿ. ನಸುಕಿಗೇ ರೈಲು ಹಿಡಿದರೆ ಮರಳುವುದು ಕತ್ತಲಾದ ಮೇಲೆ. ಭಾನುವಾರ ಊರಿಗೆ, ಸಿಂಧಘಟ್ಟಕ್ಕೆ. ಅಂದು ಕಾರ್ಖಾನೆಯಲ್ಲಿ ಮುಷ್ಕರವಾಗಿ ಮಧ್ಯಾಹ್ನವೇ ಬಂದಿದ್ದೆ.

“ನಾನೇ ಈ ಮನೆಯವನು, ಅಜ್ಜಿ” ಎಂದೆ.

“ಆ ಮನೆಯೋನು ಕತ್ಲಾದ್ಮೇಲೆ ಕೆಮ್ಕೊಂಡು ಬರಾದು. ಎಲ್ಲಿ, ಕೆಮ್ಮು ನೋಡಾನ.”

ಗಾಬರಿಗೆ ನಿಜವಾದ ಕೆಮ್ಮೇ ಬಂತು. ದೊಣ್ಣೆ ಕೆಳಗಿಳಿಯಿತು. “ಅವ್ನೇ ಕಣಪ್ಪ ನೀನು. ಈಚೀಚೆಗೆ ಕೆಮ್ಮು ಜಾಸ್ತಿ ಆಗದೆ, ಡಾಕ್ಟ್ರಿಗೆ ತೋರ್ಸು ಮಗ” ಎಂದರು.

ಕೆಮ್ಮು ಹೆಚ್ಚಾದದ್ದು ನನಗೇ ತಿಳಿದಿರಲಿಲ್ಲ. ವರ್ಷಗಟ್ಟಲೆ ಎದುರಿಗೇ ಇದ್ದ ಆ ಅಜ್ಜಿಯ ಮುಖವನ್ನು ನಾನು ನೋಡಿದ್ದೂ ಅಂದೇ ಮೊದಲು.